ಹೊಸ ಕ್ಯಾಮೆರಾಗೆ ಒಂದೇ ಒಂದು ಕಾರಣ

ಹಕ್ಕಿ ಫೋಟೋ ತೆಗೆಯುವವರು ನಾಲ್ಕು ಜನ ಒಂದು ಕಡೆ ಸೇರಿದರೆ ಮಾತು ಹಕ್ಕಿಯಿಂದ ಶುರುವಾಗುತ್ತದೆ. ಹತ್ತು ನಿಮಿಷದಲ್ಲಿ ಕ್ಯಾಮೆರಾಗೆ ಬಂದು ನಿಲ್ಲುತ್ತದೆ. ಹೆಸರಘಟ್ಟದ ಹುಲ್ಲುಗಾವಲಾಗಲಿ, ರಂಗನತಿಟ್ಟಿನಲ್ಲಿ ದೋಣಿಗೆ ಕಾಯುವ ಜಾಗವಾಗಲಿ, ದಾಂಡೇಲಿಯ ಹೋಂಸ್ಟೇ ಅಂಗಳವಾಗಲಿ, ಎಲ್ಲ ಕಡೆಯೂ ಅದೇ. "ನಿಮ್ಮದು ಯಾವ ಬಾಡಿ?" ಅಂದರೆ ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ. ಆಮೇಲೆ "ಲೆನ್ಸ್ ಯಾವುದು?" ಅದಾದ ಮೇಲೆ ಮೂರನೇ ಪ್ರಶ್ನೆ ಬಂದೇ ಬರುತ್ತದೆ: "ಮುಂದೆ ಯಾವುದಕ್ಕೆ ಹೋಗ್ತೀರಿ?" ನನ್ನನ್ನು ಕಾಡುವುದು ಈ ಮೂರನೇ ಪ್ರಶ್ನೆ. ಕೈಯಲ್ಲಿರುವುದು ಸದ್ಯಕ್ಕೆ ಅಷ್ಟೇ, ನಿಜವಾದ ಕ್ಯಾಮೆರಾ ಇನ್ನು ಮುಂದೆ ಬರಬೇಕು ಎನ್ನುವ ಹಾಗೆ ಎಲ್ಲರೂ ಕೇಳುತ್ತಾರೆ. ಕೇಳುವವರು ಒಳ್ಳೆಯವರೇ, ಕಾಳಜಿಯಿಂದಲೇ ಕೇಳುತ್ತಾರೆ. ಆದರೆ "ಸದ್ಯಕ್ಕೆ ಎಲ್ಲಿಗೂ ಹೋಗಲ್ಲ, ಇದೇ ಚೆನ್ನಾಗಿದೆ" ಎಂದರೆ ಮಾತು ಅಲ್ಲಿಗೇ ನಿಂತುಬಿಡುತ್ತದೆ. ಪಾಪ, ಇವರಿಗೆ ದುಡ್ಡಿನ ತೊಂದರೆ ಇರಬೇಕು ಎಂಬ ಮುಖ.

ನನ್ನ ಹತ್ತಿರ ಇರುವುದು ನಿಕಾನ್ ಡಿ7200. 2015ರಲ್ಲಿ ಬಂದ ಮಾಡೆಲ್. ಅದೇ ವರ್ಷ ಬಂದ 200-500 ಎಂಎಂ ಲೆನ್ಸ್ ಅದರ ಮುಂದೆ ಕೂತಿರುತ್ತದೆ. ಹಕ್ಕಿ ಹುಚ್ಚಿನವರಿಗೆ ಈ ಜೋಡಿ ಗೊತ್ತೇ ಇರುತ್ತದೆ. ಒಂದು ಕಾಲಕ್ಕೆ ಬೆಂಗಳೂರಿನ ಯಾವ ಕೆರೆ ದಂಡೆಗೆ ಹೋದರೂ ಮೂರರಲ್ಲಿ ಒಬ್ಬರ ಹೆಗಲ ಮೇಲೆ ಈ ಲೆನ್ಸ್ ಇರುತ್ತಿತ್ತು ಅನಿಸುತ್ತದೆ. ಈಗ ಅವರಲ್ಲಿ ಬಹಳ ಜನ ಒಳಗೆ ಕನ್ನಡಿ ಇಲ್ಲದ ಹೊಸ ಬಗೆಯ ಕ್ಯಾಮೆರಾಗೆ, ಅಂದರೆ ಮಿರರ್‌ಲೆಸ್‌ಗೆ ಹೋಗಿದ್ದಾರೆ. ಹೋದವರಲ್ಲಿ ಕೆಲವರಿಗೆ ನೆಮ್ಮದಿ ಸಿಕ್ಕಿದೆ. ಇನ್ನು ಕೆಲವರು ಹೊಸದನ್ನು ಹಿಡಿದುಕೊಂಡೇ ಅದಕ್ಕಿಂತ ಹೊಸದರ ಮಾತಾಡುತ್ತಾರೆ. ಒಂದೇ ಕ್ಯಾಮೆರಾ, ಒಂದೇ ಲೆನ್ಸ್ ಇಟ್ಟುಕೊಂಡ ಇಬ್ಬರಲ್ಲಿ ಒಬ್ಬರಿಗೆ ತೃಪ್ತಿ, ಇನ್ನೊಬ್ಬರಿಗೆ ಇಲ್ಲ. ಇದು ಯಾಕೆ ಹೀಗೆ ಎಂದು ಬಹಳ ದಿನದಿಂದ ತಲೆಯಲ್ಲಿ ಓಡುತ್ತಿದೆ. ಸ್ವಭಾವ ಅಂದುಬಿಡಬಹುದು. ಆದರೆ ಬರೀ ಸ್ವಭಾವ ಅಂತ ನನಗೆ ಅನಿಸುವುದಿಲ್ಲ.

ಮಂಡಗದ್ದೆಯ ಮೇಷ್ಟ್ರು

ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೋಗುವಾಗ ರಸ್ತೆ ಪಕ್ಕದಲ್ಲೇ ಮಂಡಗದ್ದೆ ಸಿಗುತ್ತದೆ. ತುಂಗೆಯ ನಡುವೆ ಒಂದು ಪುಟ್ಟ ನಡುಗಡ್ಡೆ, ಅದರ ತುಂಬ ಮರ, ಮರದ ತುಂಬ ಗೂಡು. ಮಳೆಗಾಲದಲ್ಲಿ ನೀರು ಏರಿದಾಗ ಮರಗಳ ಬುಡ ಮುಳುಗಿ ಬರೀ ತಲೆ ಕಾಣುತ್ತದೆ. ಆಗಲೇ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಅಲ್ಲಿ ಸಂಸಾರ ಹೂಡುವುದು. ರಸ್ತೆ ಬದಿಯ ವೀಕ್ಷಣಾ ಗೋಪುರ ಹತ್ತಿದರೆ ಗೂಡುಗಳು ಕಣ್ಣಿನ ಮಟ್ಟಕ್ಕೆ ಬರುತ್ತವೆ. ಊರಿಗೆ ಹೋಗುವ ದಾರಿಯಾದ್ದರಿಂದ ನಾನು ಅಲ್ಲಿ ಇಳಿಯದೇ ಮುಂದೆ ಹೋಗುವುದು ಅಪರೂಪ.

ಒಂದು ಆಗಸ್ಟ್‌ನಲ್ಲಿ ಹೀಗೇ ಇಳಿದೆ. ಜಡಿ ಮಳೆ ಆಗಷ್ಟೇ ನಿಂತಿತ್ತು. ಗೋಪುರದ ಮೇಲೆ ಇಬ್ಬರಿದ್ದರು. ಒಬ್ಬ ಹುಡುಗ, ಬೆಂಗಳೂರಿನಿಂದ ಬಂದವನು, ಕೈಯಲ್ಲಿ ಹೊಸ ಫುಲ್ ಫ್ರೇಮ್ ಮಿರರ್‌ಲೆಸ್, ಉದ್ದದ ಜೂಮ್ ಲೆನ್ಸ್. ಇನ್ನೊಬ್ಬರು ಅಲ್ಲಿನವರೇ, ನಿವೃತ್ತ ಮೇಷ್ಟ್ರು. ಕೊಡೆಯನ್ನು ಕಂಬಿಗೆ ಸಿಕ್ಕಿಸಿ, ನಿಕಾನ್ ಪಿ900 ಹಿಡಿದು ನಿಂತಿದ್ದರು. ಗೊತ್ತಿಲ್ಲದವರಿಗೆ ಹೇಳುತ್ತೇನೆ, ಇದು ಲೆನ್ಸ್ ಬದಲಿಸಲು ಬರದ ಕ್ಯಾಮೆರಾ. 83 ಪಟ್ಟು ಜೂಮ್. ಪೂರ್ತಿ ಎಳೆದರೆ 2000 ಎಂಎಂ ಲೆನ್ಸಿನಷ್ಟು ಹತ್ತಿರ ಕಾಣಿಸುತ್ತದೆ. ಆದರೆ ಒಳಗೆ ಬೆಳಕನ್ನು ಚಿತ್ರವಾಗಿಸುವ ಸೆನ್ಸರ್ ಕಿರುಬೆರಳಿನ ಉಗುರಿಗಿಂತಲೂ ಚಿಕ್ಕದು. ಮೋಡ ಕವಿದರೆ ಅದರ ಚಿತ್ರ ಮಂಕು, ಹತ್ತಿರದಿಂದ ನೋಡಿದರೆ ಕಾಳು ಕಾಳು.

ಹುಡುಗ ಬೇಸರದಲ್ಲಿದ್ದ. ತೆಗೆದ ಚಿತ್ರವನ್ನು ಪರದೆಯಲ್ಲಿ ಹಿಗ್ಗಿಸಿ ನನಗೆ ತೋರಿಸಿದ. "ನೋಡಿ ಸಾರ್, ಗರಿ ಗರಿ ಬಿಡಿಸಿ ಕಾಣ್ತಿಲ್ಲ. ಈ ಲೆನ್ಸಲ್ಲಿ ಇಷ್ಟೇ. ಎಫ್/4 ಪ್ರೈಮ್ ಇಲ್ದೆ ಇದೆಲ್ಲ ಆಗೋ ಕೆಲಸ ಅಲ್ಲ." ಜೂಮ್ ಇಲ್ಲದ, ಬೆಳಕು ಹೆಚ್ಚು ಒಳಬಿಡುವ ದುಬಾರಿ ಲೆನ್ಸಿನ ಮಾತು ಅದು. ನಾನು ನಡುಗಡ್ಡೆ ಕಡೆ ನೋಡಿದೆ. ಹೊಳೆಯ ಮೇಲೆ ತೆಳುವಾಗಿ ಮಂಜು ಏಳುತ್ತಿತ್ತು. ನಮಗೂ ಮರಕ್ಕೂ ನಡುವಿನ ಗಾಳಿ ಪೂರ್ತಿ ನೀರಿನ ಕಣ. ಅದರ ಮೂಲಕ ಹತ್ತು ಲಕ್ಷದ ಲೆನ್ಸ್ ಇಟ್ಟು ನೋಡಿದರೂ ಅಷ್ಟೇ ಕಾಣುವುದು. ಅವನಿಗೆ ಅದನ್ನೇ ಹೇಳಿದೆ. ನಂಬಿದನೋ ಇಲ್ಲವೋ ತಿಳಿಯಲಿಲ್ಲ. ಅಷ್ಟು ದೂರ ಬಂದಿದ್ದ, ಅಷ್ಟು ದುಡ್ಡು ಹಾಕಿದ್ದ. ಬೇಸರ ಆಗುವುದು ಸಹಜ.

ಮೇಷ್ಟ್ರು ಆ ಹೊತ್ತಿಗೆ ತಮ್ಮ ಕ್ಯಾಮೆರಾವನ್ನು ಕಂಬಿಯ ಮೇಲೆ ಒತ್ತಿ ಹಿಡಿದು, ಉಸಿರು ಬಿಗಿಹಿಡಿದು ಒಂದೊಂದೇ ಗೂಡಿಗೆ ಗುರಿಯಿಡುತ್ತಿದ್ದರು. ಕ್ಲಿಕ್. ನಂತರ ಜೇಬಿನಿಂದ ಪುಟ್ಟ ನೋಟ್‌ಬುಕ್ ತೆಗೆದು ಏನೋ ಬರೆಯುವುದು. ಮತ್ತೆ ಮುಂದಿನ ಗೂಡು. ಏನು ಬರೆಯುತ್ತಿದ್ದೀರಿ ಎಂದು ಕೇಳಿದೆ. ಮರಿಗಳ ಲೆಕ್ಕ ಎಂದರು. ಯಾವ ಮರದ ಯಾವ ಕೊಂಬೆಯಲ್ಲಿ ಎಷ್ಟು ಮರಿ, ಹೋದ ವಾರ ಎಷ್ಟಿತ್ತು, ಈ ವಾರ ಎಷ್ಟಿದೆ. ಪರದೆಯನ್ನು ನನ್ನ ಕಡೆ ತಿರುಗಿಸಿದರು. ಕಾಳು ಕಾಳಾದ ಚಿತ್ರವೇ. ಆದರೆ ಅದರಲ್ಲಿ ಗೂಡಿನೊಳಗೆ ಕತ್ತು ಚಾಚಿದ ಮೂರು ಮರಿ ಸ್ಪಷ್ಟವಾಗಿ ಇದ್ದವು. "ಇದು ಹಾವಕ್ಕಿದು. ಮೈಮೇಲೆ ಬಿಳಿ ತುಪ್ಪಳ, ಕತ್ತು ಉದ್ದ ನೋಡಿ. ನೀರುಕಾಗೆ ಮರಿ ಕರಿದು, ಮೊದಲಿಗೆ ಮೈಯೆಲ್ಲ ಬೋಳು. ಬೆಳ್ಳಕ್ಕಿ ಮರಿನೂ ಬಿಳಿಯೇ, ಆದ್ರೆ ಅದರ ನೆತ್ತಿ ಮೇಲೆ ತುಪ್ಪಳ ನಿಗುರಿಕೊಂಡಿರ್ತದೆ." ಒಂದೊಂದನ್ನೂ ತೋರಿಸುತ್ತಾ ಹೋದರು.

"ಕ್ಯಾಮೆರಾ ಹೇಗಿದೆ ಸಾರ್?" ಎಂದೆ. "ಹಾರೋ ಹಕ್ಕಿಗೆ ಇದು ಆಗೋದಿಲ್ಲ. ಮಬ್ಬು ಬೆಳಕಿಗೂ ಆಗೋದಿಲ್ಲ. ನನಗೆ ಬೇಕಿರೋದು ಕೂತ ಹಕ್ಕಿ, ಗೂಡು. ಅದಕ್ಕೆ ಇದಕ್ಕಿಂತ ಹತ್ತಿರ ಹೋಗೋದು ನನಗೆ ಬೇರೆ ಯಾವುದರಲ್ಲೂ ಆಗಲ್ಲ" ಎಂದರು. ಹೇಳಿ ಮತ್ತೆ ಮುಂದಿನ ಕೊಂಬೆಗೆ ತಿರುಗಿದರು.

ಆ ಉತ್ತರ ನನ್ನ ತಲೆಯಲ್ಲಿ ಉಳಿದುಬಿಟ್ಟಿತು. ಅದರಲ್ಲಿ ಮೊದಲು ಬಂದದ್ದು ಕ್ಯಾಮೆರಾದಿಂದ ಏನು ಆಗುವುದಿಲ್ಲ ಎಂಬುದು. ತೃಪ್ತಿ ಇರುವವರು ತಮ್ಮ ಕ್ಯಾಮೆರಾವನ್ನು ಹೊಗಳುತ್ತಾರೆ ಎಂದು ನಾವು ಅಂದುಕೊಂಡಿರುತ್ತೇವೆ, ಅಲ್ವಾ? ನಾನು ಗಮನಿಸಿದ ಮಟ್ಟಿಗೆ ಹಾಗಿಲ್ಲ. ತಮ್ಮ ಕ್ಯಾಮೆರಾ ಎಲ್ಲಿ ಕೈಕೊಡುತ್ತದೆ ಎಂದು ಅವರಿಗೆ ಬಾಯಿಪಾಠ ಬರುತ್ತದೆ. ಆ ಗೆರೆಯ ಈಚೆ ತಮಗೆ ಬೇಕಾದ ಕೆಲಸ ಇದೆ ಎಂದೂ ಗೊತ್ತಿರುತ್ತದೆ. ತೃಪ್ತಿ ಇಲ್ಲದವರಿಗೆ ಆ ಗೆರೆ ಎಲ್ಲಿದೆ ಎಂದೇ ಗೊತ್ತಿರುವುದಿಲ್ಲ. ಮಂಜು, ದೂರ, ಬೆಳಕು, ಕೈ ನಡುಕ, ಎಲ್ಲದರ ಲೆಕ್ಕವನ್ನೂ ಅವರು ಲೆನ್ಸಿನ ಖಾತೆಗೆ ಬರೆಯುತ್ತಾರೆ.

ಸ್ವಲ್ಪ ಲೆಕ್ಕ ಹಾಕೋಣ

"ಕ್ಯಾಮೆರಾ ಮುಖ್ಯ ಅಲ್ಲ, ಕಣ್ಣು ಮುಖ್ಯ" ಎಂಬ ಮಾತಿದೆ. ಇದನ್ನು ಹೇಳಿದರೆ ಎಲ್ಲರೂ ತಲೆಯಾಡಿಸುತ್ತಾರೆ. ನನಗೆ ಈ ಮಾತು ಪೂರ್ತಿ ಒಪ್ಪಿಗೆ ಇಲ್ಲ. ಇದಕ್ಕೆ ಉದಾಹರಣೆ ಕೊಡುವಾಗ ಯಾವಾಗಲೂ ಫ್ರಾನ್ಸಿನ ಫೋಟೋಗ್ರಾಫರ್ ಹೆನ್ರಿ ಕಾರ್ತಿಯೇ-ಬ್ರೆಸೋನ್ ಹೆಸರು ಬರುತ್ತದೆ. ಒಂದು ಲೈಕಾ, ಹೆಚ್ಚಿನ ಮಟ್ಟಿಗೆ ಒಂದೇ 50 ಎಂಎಂ ಲೆನ್ಸ್, ಅಷ್ಟರಲ್ಲೇ ಅಷ್ಟು ದೊಡ್ಡ ಕೆಲಸ ಮಾಡಿದರು ಎನ್ನುತ್ತಾರೆ. ನಿಜ. ಆದರೆ ಲೈಕಾ ಮಾರುಕಟ್ಟೆಗೆ ಬಂದದ್ದು 1925ರಲ್ಲಿ. ಅವರು ಅದನ್ನು ಹಿಡಿದದ್ದು 1930ರ ದಶಕದ ಮೊದಲಲ್ಲಿ. ಅಂದರೆ ಆ ಕಾಲಕ್ಕೆ ಅದು ಹೊಸ ಸಾಮಾನು. ಪತ್ರಿಕೆಯವರು ಎರಡೂ ಕೈಯಲ್ಲಿ ಹಿಡಿಯುವ ದೊಡ್ಡ ಪ್ಲೇಟ್ ಕ್ಯಾಮೆರಾ ಹೊತ್ತು ತಿರುಗುತ್ತಿದ್ದಾಗ ಅವರು ಕೋಟಿನೊಳಗೆ ಸೇರುವ, ಸದ್ದು ಕಡಿಮೆ ಇರುವ ಪೆಟ್ಟಿಗೆಯನ್ನು ಆರಿಸಿಕೊಂಡರು. ಬೀದಿಯಲ್ಲಿ ಜನರ ನಡುವೆ ಯಾರ ಗಮನಕ್ಕೂ ಬಾರದೆ ಓಡಾಡಬೇಕಿತ್ತು. ಅದಕ್ಕೆ ಸರಿಯಾದ ಕ್ಯಾಮೆರಾ ಸಿಕ್ಕಿತು. ಅವರ ಚಿತ್ರಗಳಲ್ಲಿ ಆ ಕ್ಯಾಮೆರಾದ ಪಾಲು ಖಂಡಿತ ಇದೆ.

ಹಾಗಾಗಿ ಹೊಸ ಕ್ಯಾಮೆರಾ ಬೇಡವೇ ಬೇಡ ಎಂದು ನಾನು ಹೇಳುವುದಿಲ್ಲ. ಯಾವುದಕ್ಕೆ ಬೇಕು ಎಂದು ನೋಡಬೇಕು. ನನ್ನದೇ ಉದಾಹರಣೆ ತೆಗೆದುಕೊಳ್ಳುತ್ತೇನೆ. ಡಿ7200 ಬಿಟ್ಟು 2023ರಲ್ಲಿ ಬಂದ ನಿಕಾನ್ ಝಡ್8ಗೆ ಹೋಗಿ ಎಂದು ಬಹಳ ಜನ ಹೇಳಿದ್ದಾರೆ. ನನ್ನದು 24 ಮೆಗಾಪಿಕ್ಸೆಲ್, ಅದು 45.7. ಎರಡು ಪಟ್ಟಿನ ಹತ್ತಿರ ಅನಿಸುತ್ತದೆ. ಆದರೆ ನನ್ನ ಸೆನ್ಸರ್ ಚಿಕ್ಕದು, ಅದರದ್ದು ದೊಡ್ಡದು. ನನ್ನ ಹಕ್ಕಿಗಳು ಯಾವಾಗಲೂ ದೂರ. ಅದೇ ಲೆನ್ಸ್ ಹಾಕಿ, ಅದೇ ದೂರದ ಹಕ್ಕಿಯನ್ನು ತೆಗೆದು, ನನ್ನ ಕ್ಯಾಮೆರಾದಷ್ಟೇ ಜಾಗವನ್ನು ಅದರಲ್ಲಿ ಕತ್ತರಿಸಿಕೊಂಡರೆ ಉಳಿಯುವುದು ಸುಮಾರು 19 ಮೆಗಾಪಿಕ್ಸೆಲ್. ಅಂದರೆ ದೂರದ ಹಕ್ಕಿಯ ಮೈಮೇಲೆ ಬೀಳುವ ಪಿಕ್ಸೆಲ್ ನನ್ನ ಹಳೆಯ ಕ್ಯಾಮೆರಾದಲ್ಲೇ ಜಾಸ್ತಿ. ಬಂದಾಗ ಮೂರು ಲಕ್ಷ ದಾಟಿದ್ದ ಬಾಡಿ ಕೊಂಡು, ಹಕ್ಕಿಯ ವಿವರ ಇದಕ್ಕಿಂತ ಜಾಸ್ತಿ ಸಿಗುತ್ತದೆ ಎಂದು ಕಾದರೆ ನಿರಾಸೆಯೇ ಗತಿ. ತಪ್ಪು ಕ್ಯಾಮೆರಾದ್ದಲ್ಲ. ನಾವು ಅದರಿಂದ ಬಯಸಿದ್ದು ಅದು ಕೊಡುವುದಲ್ಲ, ಅಷ್ಟೇ.

ಹಾಗಾದರೆ ಝಡ್8 ಕೊಡುವುದು ಏನು? ಹಕ್ಕಿಯ ಕಣ್ಣನ್ನು ತಾನೇ ಹುಡುಕಿ ಹಿಡಿದುಕೊಳ್ಳುವ ಫೋಕಸ್. ಸೆಕೆಂಡಿಗೆ 20 ರಾ (ಸಂಸ್ಕರಿಸದ) ಚಿತ್ರ, ನನ್ನದರಲ್ಲಿ ಆರು. ಸದ್ದೇ ಇಲ್ಲದ ಶಟರ್, ಯಾಕೆಂದರೆ ಅದರಲ್ಲಿ ಯಾಂತ್ರಿಕ ಶಟರ್ ಇಲ್ಲವೇ ಇಲ್ಲ. ಬಟನ್ ಒತ್ತುವುದಕ್ಕೆ ಮೊದಲಿನ ಒಂದು ಸೆಕೆಂಡನ್ನು ಜೆಪೆಗ್ ಆಗಿ ಉಳಿಸಿಕೊಡುವ ಅನುಕೂಲವೂ ಇದೆ. ಮಿಂಚುಳ್ಳಿ ಕೊಂಬೆಯಿಂದ ನೀರಿಗೆ ಬೀಳುವುದನ್ನು ತೆಗೆಯಲು ಒದ್ದಾಡಿದವರಿಗೆ ಈ ಒಂದು ಸೆಕೆಂಡ್ ಎಂದರೆ ಏನು ಎಂದು ಗೊತ್ತು. ಅದು ಜಿಗಿದದ್ದು ನಮ್ಮ ಕಣ್ಣಿಗೆ ಬಿದ್ದು, ಬೆರಳಿಗೆ ಸುದ್ದಿ ಮುಟ್ಟುವ ಹೊತ್ತಿಗೆ ಹಕ್ಕಿ ಚೌಕಟ್ಟಿನ ಆಚೆ ಇರುತ್ತದೆ. ಎಷ್ಟೇ ಅಭ್ಯಾಸ ಮಾಡಿದರೂ ಮನುಷ್ಯನ ಬೆರಳು ಅಷ್ಟೇ. ಇಂಥ ಕಡೆ ಕ್ಯಾಮೆರಾ ಮುಖ್ಯವೇ. ಬರೀ ಮಿಂಚುಳ್ಳಿಗಾಗಿ ಬದುಕುವ ಗೆಳೆಯರೊಬ್ಬರು ಝಡ್8 ತೆಗೆದುಕೊಂಡರು. ಕಾರಣ ಕೇಳಿದಾಗ "ಡೈವ್ ಸಿಗಬೇಕು" ಎಂದರು. ಎರಡೇ ಪದ. ಆಮೇಲೆ ಅವರು ಬೇರೆ ಕ್ಯಾಮೆರಾದ ಮಾತು ಎತ್ತಿದ್ದು ನನಗೆ ನೆನಪಿಲ್ಲ.

ಇನ್ನೊಂದು ಲೆಕ್ಕ, ಚಿತ್ರ ಕೊನೆಗೆ ಎಲ್ಲಿಗೆ ಹೋಗುತ್ತದೆ ಎಂಬುದು. ಇನ್‌ಸ್ಟಾಗ್ರಾಂನಲ್ಲಿ ಚಿತ್ರದ ಅಗಲ 1080 ಪಿಕ್ಸೆಲ್. ಉದ್ದಕ್ಕೆ ನಿಲ್ಲಿಸಿ ಹಾಕಿದರೂ ಒಟ್ಟು ಸುಮಾರು ಒಂದೂವರೆ ಮೆಗಾಪಿಕ್ಸೆಲ್ ಅಷ್ಟೇ. ಗೋಡೆಗೆ ಹಾಕುವ 12×18 ಇಂಚಿನ ಪ್ರಿಂಟಿಗೆ, ಇಂಚಿಗೆ 300 ಚುಕ್ಕಿಯಂತೆ ಹಿಡಿದರೂ, 20 ಮೆಗಾಪಿಕ್ಸೆಲ್ ಸಾಕು. 1999ರಲ್ಲಿ ಬಂದ ನಿಕಾನ್ ಡಿ1ನಲ್ಲಿ ಮೂರು ಮೆಗಾಪಿಕ್ಸೆಲ್ ಕೂಡ ಇರಲಿಲ್ಲ. ಪತ್ರಿಕೆಯವರು ಅದನ್ನೇ ಇಟ್ಟುಕೊಂಡು ಕೆಲಸ ಮಾಡಿದರು. ಇದೆಲ್ಲ ನಮಗೆ ಗೊತ್ತಿಲ್ಲದ್ದೇನಲ್ಲ. ಆದರೂ ರಾತ್ರಿ ಕೂತು ಚಿತ್ರವನ್ನು ನೂರಕ್ಕೆ ನೂರು ಹಿಗ್ಗಿಸಿ, ಗರಿಯ ಅಂಚು ನೋಡಿ, ಮನಸ್ಸು ಕೆಡಿಸಿಕೊಳ್ಳುತ್ತೇವೆ. ಆ ಹಿಗ್ಗಿಸಿದ ಚಿತ್ರವನ್ನು ನಮ್ಮನ್ನು ಬಿಟ್ಟು ಜಗತ್ತಿನಲ್ಲಿ ಇನ್ಯಾರೂ ನೋಡುವುದಿಲ್ಲ.

ಒಂದು ಅಭ್ಯಾಸ ನನಗೆ ಬಹಳ ಉಪಯೋಗಕ್ಕೆ ಬಂದಿದೆ. ಅಳಿಸುವ ಚಿತ್ರಗಳನ್ನು ಅಳಿಸುವ ಮುಂಚೆ, ಇದು ಯಾಕೆ ಕೆಟ್ಟಿತು ಎಂದು ನೋಡುವುದು. ಫೋಕಸ್ ಹಿಡಿಯಲಿಲ್ಲವೇ? ಶಟರ್ ವೇಗ ಕಡಿಮೆ ಇಟ್ಟಿದ್ದೆನೇ? ಹಕ್ಕಿ ತುಂಬ ದೂರ ಇತ್ತೇ? ಬಿಸಿಲೇರಿದ ಮೇಲೆ ನೀರಿನ ಮೇಲಿನ ಗಾಳಿ ಕುದಿಯುತ್ತಿತ್ತೇ? ಹೀಗೆ ವಿಂಗಡಿಸುತ್ತಾ ಹೋದರೆ ಕ್ಯಾಮೆರಾದಿಂದಲೇ ಕೆಟ್ಟದ್ದು ಎನ್ನುವ ಗುಂಪು ಬೇರೆಯಾಗಿ ಕಾಣಿಸುತ್ತದೆ. ನನ್ನ ಮಟ್ಟಿಗೆ ಆ ಗುಂಪು ಚಿಕ್ಕದು. ಚಿಕ್ಕದಾದರೂ ಅದು ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

ಪೇಟೆಯ ಸ್ಟುಡಿಯೋ

ನಮ್ಮೂರ ಪೇಟೆಯಲ್ಲಿ ಒಂದು ಸ್ಟುಡಿಯೋ ಇದೆ. ನಮ್ಮ ಮನೆಯ ಮದುವೆ, ಉಪನಯನ, ಗೃಹಪ್ರವೇಶ ಎಲ್ಲದರ ಆಲ್ಬಂ ಅವರದ್ದೇ. ನಾನು ಅವರನ್ನು ಅಣ್ಣ ಎಂದೇ ಕರೆಯುವುದು. ಅವರು ಶುರು ಮಾಡಿದ್ದು ಯಾಶಿಕಾ ಮ್ಯಾಟ್‌ನಲ್ಲಿ. ಮೇಲಿನಿಂದ ಬಗ್ಗಿ ನೋಡುವ, ಎರಡು ಕಣ್ಣಿನ ಆ ಕ್ಯಾಮೆರಾ. ಒಂದು ರೀಲಿಗೆ 12 ಚಿತ್ರ. ಮದುವೆ ಮಂಟಪದಲ್ಲಿ ಅದರ ಅರ್ಥ ಏನು ಎಂದು ಅವರು ಒಮ್ಮೆ ಹೇಳಿದ್ದರು. ಪುರೋಹಿತರು ಗಟ್ಟಿಮೇಳ ಎನ್ನುವ ಮುಂಚೆ ರೀಲಿನಲ್ಲಿ ಎಷ್ಟು ಉಳಿದಿದೆ ಎಂದು ನೋಡಿಕೊಳ್ಳಬೇಕು. ಒಂದೋ ಎರಡೋ ಮಾತ್ರ ಉಳಿದಿದ್ದರೆ, ಅವನ್ನು ಬಿಟ್ಟುಕೊಟ್ಟು ಹೊಸ ರೀಲು ಹಾಕಿಕೊಳ್ಳಬೇಕು. ಫ್ಲ್ಯಾಶ್ ಒಂದು ಸಲ ಹೊಡೆದರೆ ಮತ್ತೆ ಚಾರ್ಜ್ ಆಗುವವರೆಗೆ ಕಾಯಬೇಕು. ತಾಳಿ ಕಟ್ಟುವಾಗ ಮೊದಲ ಗಂಟಿಗೆ ಹೊಡೆಯಬಾರದು, ಆಗ ಸುತ್ತ ನಿಂತವರ ಕೈಗಳೆಲ್ಲ ಅಡ್ಡ. ಅಕ್ಷತೆ ಬಿದ್ದು, ಹುಡುಗ ಕೈ ಹಿಂದಕ್ಕೆ ತೆಗೆಯುವ ಮುಂಚೆ, ಹುಡುಗಿ ಕತ್ತು ಎತ್ತುತ್ತಾಳೆ. ಆಗ ಒಂದೇ ಒಂದು. "ಅಷ್ಟರಲ್ಲಿ ಸಿಕ್ತು ಅಂದ್ರೆ ಸಿಕ್ತು ಮಾರಾಯ. ಇಲ್ದಿದ್ರೆ ಆ ಮನೆಯವರಿಗೆ ಜನ್ಮಪೂರ್ತಿ ಅದೊಂದು ಚಿತ್ರ ಇಲ್ಲ."

ಈಗ ಅವರ ಕೈಯಲ್ಲಿರುವುದು ನಿಕಾನ್ ಡಿ750. 2014ರ ಮಾಡೆಲ್. ಹಿಡಿಕೆಯ ರಬ್ಬರ್ ಎದ್ದು ಬಂದಿದೆ, ಗೋಂದು ಹಾಕಿ ಅಂಟಿಸಿದ್ದಾರೆ. ಹೆಬ್ಬೆರಳು ಊರುವ ಜಾಗದಲ್ಲಿ ಬಣ್ಣ ಹೋಗಿ ನುಣುಪಾಗಿದೆ. ಹಿಂದಿನ ಎಇ-ಎಲ್ ಬಟನ್ನಿಗೆ ಫೋಕಸ್ ಕೊಟ್ಟುಕೊಂಡಿದ್ದಾರೆ. ಜನರ ಜೊತೆ ಮಾತಾಡುತ್ತಲೇ, ಕಣ್ಣು ಮಂಟಪದ ಮೇಲಿಟ್ಟೇ, ಹೆಬ್ಬೆರಳಿನಲ್ಲಿ ಅದನ್ನು ಒತ್ತಿ, ತೋರುಬೆರಳಿನ ಹತ್ತಿರದ ಚಕ್ರ ತಿರುಗಿಸಿ ಬೆಳಕು ಸರಿಮಾಡಿಕೊಳ್ಳುತ್ತಾರೆ. ಕ್ಯಾಮೆರಾ ಕಡೆ ನೋಡುವುದೇ ಇಲ್ಲ. ಅದರ ಮುಂದೆ 80-200 ಎಂಎಂ ಎಫ್/2.8ಡಿ, ಹಳೆಯ ಕಾಲದ ಭಾರದ ಲೆನ್ಸ್. ಅದರೊಳಗೆ ಮೋಟಾರ್ ಇಲ್ಲ. ಬಾಡಿಯಲ್ಲಿರುವ ಮೋಟಾರ್ ಒಂದು ಸ್ಕ್ರೂ ಮೂಲಕ ಅದನ್ನು ತಿರುಗಿಸಿದರೆ ಮಾತ್ರ ಫೋಕಸ್. ಈ ಲೆನ್ಸನ್ನು ಎಫ್‌ಟಿಝಡ್ ಅಡಾಪ್ಟರ್ ಹಾಕಿ ಹೊಸ ಮಿರರ್‌ಲೆಸ್‌ಗೆ ಸಿಕ್ಕಿಸಬಹುದು, ಆದರೆ ಆಟೋಫೋಕಸ್ ಬರುವುದಿಲ್ಲ. ಅಂದರೆ ಬಾಡಿ ಬದಲಿಸಿದರೆ ಲೆನ್ಸೂ ಬದಲಿಸಬೇಕು. ಅವರಿಗೆ ಅದು ಒಂದು ವರ್ಷದ ಸೀಸನ್ನಿನ ದುಡಿಮೆ.

ಅವರ ತಮ್ಮನ ಮಗನೂ ಈಗ ಸ್ಟುಡಿಯೋದಲ್ಲೇ ಇದ್ದಾನೆ. ಅವನು ಸೋನಿ ಎ7 III ತೆಗೆದುಕೊಂಡ. 2018ರಲ್ಲಿ ಅದು ಬಂದ ಮೇಲೆ ಮದುವೆ ಫೋಟೋದವರಲ್ಲಿ ಬಹಳ ಜನ ಅತ್ತ ಹೋದದ್ದು ನಿಮಗೂ ಗೊತ್ತಿರಬಹುದು. ಚಿಕ್ಕಪ್ಪ, ದೊಡ್ಡಪ್ಪ, ಮಗ ಇರುವ ಅಂಗಡಿಗಳಲ್ಲಿ ಇಂಥದ್ದಕ್ಕೆ ಜಗಳ ಆಗುವುದುಂಟು. ಇಲ್ಲಿ ಆಗಲಿಲ್ಲ. ಯಾಕೆಂದು ಅಣ್ಣನನ್ನೇ ಕೇಳಿದೆ. ಅಂಗಡಿಯಲ್ಲಿ ಪಾಸ್‌ಪೋರ್ಟ್ ಸೈಜ್ ಚಿತ್ರಗಳನ್ನು ಕತ್ತರಿಸುತ್ತಾ ಉತ್ತರ ಕೊಟ್ಟರು. "ಈಗ ಮದುವೆಯವರು ಮೊದಲು ಕೇಳೋದು ವಿಡಿಯೋ. ರೀಲ್ಸ್ ಬೇಕು ಅಂತಾರೆ. ನಂದ್ರಲ್ಲಿ ವಿಡಿಯೋ ಹಾಕಿದ್ರೆ ಅದು ಫೋಕಸ್ ಹುಡುಕ್ತಾ ಹಿಂದೆ ಮುಂದೆ ಹೋಗ್ತಾ ಕೂರ್ತದೆ. ಅವನದು ಮುಖ ಹಿಡಿದ್ರೆ ಬಿಡೋದಿಲ್ಲ. ಅವನಿಗೆ ಅದು ಬೇಕು. ನಂಗೆ ಫೋಟೋ ಮಾತ್ರ, ನಂಗೆ ಬೇಡ." ಅಷ್ಟೇ. ಇಬ್ಬರಿಗೂ ತಮ್ಮ ತಮ್ಮ ಕೆಲಸ ಗೊತ್ತು, ಅದಕ್ಕೆ ಬೇಕಾದ ಸಾಮಾನು ಗೊತ್ತು.

ಹುಡುಗನೂ ತನ್ನ ಕ್ಯಾಮೆರಾದ ಗೆರೆ ಎಲ್ಲಿದೆ ಎಂದು ಬೇಗ ಕಲಿತ. ಮಂಟಪದಲ್ಲಿ ಎಲ್‌ಇಡಿ ದೀಪ ಇದ್ದಾಗ ಅವನು ಸೈಲೆಂಟ್ ಶಟರ್ ಹಾಕುವುದಿಲ್ಲ. ಅಗ್ಗದ ಎಲ್‌ಇಡಿಗಳು ಕಣ್ಣಿಗೆ ಕಾಣದಷ್ಟು ವೇಗವಾಗಿ ಮಿಣುಕುತ್ತಿರುತ್ತವೆ. ಎಲೆಕ್ಟ್ರಾನಿಕ್ ಶಟರ್‌ನಲ್ಲಿ ಸೆನ್ಸರ್ ಚಿತ್ರವನ್ನು ಸಾಲು ಸಾಲಾಗಿ ಓದುತ್ತದೆ. ಕೆಲವು ಸಾಲು ಓದುವಾಗ ದೀಪ ಹೊತ್ತಿರುತ್ತದೆ, ಕೆಲವು ಸಾಲಿಗೆ ಆರಿರುತ್ತದೆ. ಚಿತ್ರದ ತುಂಬ ಅಡ್ಡಡ್ಡ ಪಟ್ಟಿ. ಮದುಮಗಳ ಮುಖದ ಮೇಲೆ ಆ ಪಟ್ಟಿ ಬಂದರೆ ಯಾವ ಸಾಫ್ಟ್‌ವೇರ್‌ನಲ್ಲಿ ಕೂತರೂ ತೆಗೆಯುವುದು ಕಷ್ಟ. ಹಾಗಾಗಿ ಅವನು ಅಲ್ಲಿ ಮೆಕ್ಯಾನಿಕಲ್ ಶಟರನ್ನೇ ಬಳಸುತ್ತಾನೆ, ಸದ್ದು ಬಂದರೆ ಬರಲಿ ಎಂದು. ಓಲಗದ ಸದ್ದಿನಲ್ಲಿ ಕ್ಯಾಮೆರಾ ಸದ್ದು ಯಾರಿಗೆ ಕೇಳುತ್ತದೆ?

ಬ್ಯಾಟರಿ ವಿಷಯವೂ ಹಾಗೆಯೇ. ಡಿ750 ಬ್ಯಾಟರಿ ಒಂದು ಚಾರ್ಜಿಗೆ 1230 ಚಿತ್ರ ಎಂದು ಕಂಪನಿಯ ಅಳತೆ. ಅಣ್ಣ ಬೆಳಿಗ್ಗೆ ನಾಂದಿಗೆ ಹಾಕಿದ ಬ್ಯಾಟರಿಯಲ್ಲೇ ಊಟದ ಪಂಕ್ತಿಯವರೆಗೆ ಬರುತ್ತಾರೆ. ವ್ಯೂಫೈಂಡರ್ ಒಳಗೆ ಪರದೆ ಉರಿಯುವ ಮಿರರ್‌ಲೆಸ್‌ಗಳಿಗೆ ಅಷ್ಟು ಬಾಳಿಕೆ ಬರುವುದಿಲ್ಲ. ಹುಡುಗನ ಜೇಬಿನಲ್ಲಿ ಯಾವಾಗಲೂ ಎರಡು ಹೆಚ್ಚುವರಿ ಬ್ಯಾಟರಿ ಇರುತ್ತವೆ.

ಮಳೆಗಾಲದ ಒಂದು ಮಾತು

ಇದು ಸ್ವಲ್ಪ ದಾರಿ ತಪ್ಪಿದ ಹಾಗೆ ಕಾಣಬಹುದು, ಆದರೂ ಹೇಳಬೇಕು. ಮಲೆನಾಡಿನವರಿಗೆ, ಕರಾವಳಿಯವರಿಗೆ ಕ್ಯಾಮೆರಾದ ಮೊದಲ ಶತ್ರು ಬೂಷ್ಟು. ಜೂನ್‌ನಿಂದ ಅಕ್ಟೋಬರ್‌ವರೆಗೆ ಗೋಡೆ ಬೆವರುತ್ತದೆ, ಬಟ್ಟೆ ಒಣಗುವುದಿಲ್ಲ, ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. ಚೀಲದೊಳಗೆ ಮುಚ್ಚಿಟ್ಟ ಲೆನ್ಸಿನ ಗಾಜಿನ ಮೇಲೆ ಜೇಡರ ಬಲೆಯಂತೆ ಎಳೆ ಹಬ್ಬುತ್ತದೆ. ಜಾಸ್ತಿ ದಿನ ಬಿಟ್ಟರೆ ಅದು ಗಾಜಿನ ಮೇಲಿನ ಲೇಪವನ್ನೇ ತಿಂದುಹಾಕುತ್ತದೆ. ಆಮೇಲೆ ಒರೆಸಿದರೂ ಕಲೆ ಉಳಿಯುತ್ತದೆ. ಹೊಸ ಲೆನ್ಸಿಗೆ ಲಕ್ಷ ಕೊಡುವವರು ಅದನ್ನು ಇಡುವ ಡ್ರೈ ಕ್ಯಾಬಿನೆಟ್ಟಿಗೆ ಕೆಲವು ಸಾವಿರ ಕೊಡಲು ಹಿಂದೆ ಮುಂದೆ ನೋಡುವುದನ್ನು ಕಂಡಿದ್ದೇನೆ. ಒಳಗಿನ ತೇವ ನೂರಕ್ಕೆ 40ರಿಂದ 50ರ ನಡುವೆ ಇದ್ದರೆ ಸಾಕು. ಅಕ್ಕಿ ಡಬ್ಬಿಯಲ್ಲಿ ಮಾತ್ರ ಇಡಬೇಡಿ, ಅಕ್ಕಿಯ ಧೂಳು ಲೆನ್ಸಿನ ಸಂದಿಗೆ ಇಳಿಯುತ್ತದೆ.

ಸ್ಟುಡಿಯೋ ಅಣ್ಣನ ಹತ್ತಿರ ಕ್ಯಾಬಿನೆಟ್ ಇಲ್ಲ. ಮರದ ಕಪಾಟಿನಲ್ಲಿ ಒಂದು ಝೀರೋ ಕ್ಯಾಂಡಲ್ ಬಲ್ಬ್ ಮಳೆಗಾಲ ಪೂರ್ತಿ ಉರಿಯುತ್ತದೆ. ಆ ಬಿಸಿಗೆ ಒಳಗೆ ತೇವ ನಿಲ್ಲುವುದಿಲ್ಲ. ಅವರ 80-200ರ ಗಾಜು ಇವತ್ತಿಗೂ ತಿಳಿ ನೀರಿನ ಹಾಗಿದೆ. ಒಂದು ಸಲ ಟಾರ್ಚ್ ಬೆಳಕು ಬಿಟ್ಟು ತೋರಿಸಿದ್ದರು. ಒಳಗೆ ಎರಡು ಧೂಳಿನ ಕಣ ಬಿಟ್ಟರೆ ಏನೂ ಇಲ್ಲ. ಅದನ್ನು ತೋರಿಸುವಾಗ ಅವರ ಮುಖದಲ್ಲಿದ್ದ ಹೆಮ್ಮೆ, ಹೊಸ ಲೆನ್ಸಿನ ಡಬ್ಬ ಬಿಚ್ಚುವವರ ಮುಖದಲ್ಲಿ ನಾನು ಕಂಡಿಲ್ಲ. ಸಾಮಾನನ್ನು ಚೆನ್ನಾಗಿ ನೋಡಿಕೊಳ್ಳುವವರಿಗೆ ಅದರ ಮೇಲೆ ಬೇಗ ಬೇಸರ ಬರುವುದಿಲ್ಲ ಎಂದು ನನಗೆ ಬಲವಾಗಿ ಅನಿಸುತ್ತದೆ. ಒರೆಸಿ, ಒಣಗಿಸಿ, ಸ್ಕ್ರೂ ಬಿಗಿ ಮಾಡಿ ಇಡುವಾಗ ಅದರ ಮೈಯೆಲ್ಲ ಪರಿಚಯ ಆಗುತ್ತದೆ.

ನನ್ನ ಕಾರಣ

ಈಗ ಆ ಚಿಕ್ಕ ಗುಂಪಿಗೆ ಬರುತ್ತೇನೆ, ಕ್ಯಾಮೆರಾದಿಂದಲೇ ಕೆಟ್ಟ ಚಿತ್ರಗಳ ಗುಂಪಿಗೆ. ಊರಿನ ಮನೆಯ ಹಿಂದೆ, ಕೊಟ್ಟಿಗೆಯ ಆಚೆ, ತೋಟದ ಅಂಚಿಗೆ ತರಗೆಲೆ ರಾಶಿ ಬಿದ್ದಿರುತ್ತದೆ. ಮಳೆ ಮುಗಿದು ಚಳಿ ಶುರುವಾಗುವ ಹೊತ್ತಿಗೆ ಅಲ್ಲಿಗೆ ನವರಂಗ ಬರುತ್ತದೆ. ಉತ್ತರದಿಂದ ಚಳಿಗಾಲ ಕಳೆಯಲು ಬರುವ ಹಕ್ಕಿ. ಎಲೆ ಕೆದಕುತ್ತಾ, ಹುಳ ಹುಡುಕುತ್ತಾ, ಕುಪ್ಪಳಿಸುತ್ತಾ ಹತ್ತಿರ ಹತ್ತಿರ ಬರುತ್ತದೆ. ಹಳೆಯ ಸೀರೆ ಕಟ್ಟಿದ ಮರೆಯ ಹಿಂದೆ ಕೂತರೆ ಕೆಲವೊಮ್ಮೆ ನಾಲ್ಕೈದು ಮೀಟರಿಗೂ ಬರುವುದುಂಟು. ಅಲ್ಲಿ ನಾನು ಒಂದು ಚಿತ್ರ ಹೊಡೆದರೆ ಸಾಕು, ಕ್ಯಾಮೆರಾದೊಳಗಿನ ಕನ್ನಡಿ ಏಳುವ ಸದ್ದಿಗೆ ಹಕ್ಕಿ ಕತ್ತು ಎತ್ತಿ ನಿಲ್ಲುತ್ತದೆ. ಎರಡನೇ ಸದ್ದಿಗೆ ಪೊದೆಯೊಳಗೆ. ಡಿ7200ನಲ್ಲಿ ಕ್ವಯಟ್ ಮೋಡ್ ಇದೆ. ಅದರಲ್ಲಿ ಸದ್ದು ಕಡಿಮೆಯಾಗುತ್ತದೆಯೇ ಹೊರತು ಹೋಗುವುದಿಲ್ಲ. ಹಾಗಾಗಿ ನನ್ನ ನವರಂಗಗಳೆಲ್ಲ ಕತ್ತೆತ್ತಿ ದುರುಗುಟ್ಟಿ ನೋಡುವ ನವರಂಗಗಳೇ. ಎಲೆಯನ್ನು ಕೊಕ್ಕಿನಿಂದ ಪಕ್ಕಕ್ಕೆ ಎಸೆಯುವ, ಎರೆಹುಳವನ್ನು ಎಳೆಯುವ, ತನ್ನ ಪಾಡಿಗೆ ತಾನಿರುವ ಹಕ್ಕಿ ನನ್ನ ಹತ್ತಿರ ಇಲ್ಲ. ಎದುರಿಗೇ ಇರುತ್ತದೆ, ನಾನು ನೋಡುತ್ತಲೇ ಇರುತ್ತೇನೆ. ತೆಗೆಯಲು ಹೋದರೆ ಅದು ಮುಗಿದುಹೋಗುತ್ತದೆ. ಹಕ್ಕಿಗೂ ಸುಮ್ನೆ ತೊಂದರೆ. ಅಷ್ಟು ದೂರ ಹಾರಿ ಬಂದು ಹೊಟ್ಟೆಗೆ ಹುಡುಕುತ್ತಿರುವಾಗ ಅದನ್ನು ಬೆದರಿಸುವುದು ನನಗೆ ಇಷ್ಟವಿಲ್ಲ.

ಹಾಗಾಗಿ ನನ್ನ ಕಾರಣ ಇದು: ನವರಂಗಕ್ಕೆ ಕೇಳಿಸದ ಹಾಗೆ ಚಿತ್ರ ತೆಗೆಯಬೇಕು. ಇದಕ್ಕೆ ಝಡ್8 ಬೇಕಿಲ್ಲ. 2024ರಲ್ಲಿ ಬಂದ ನಿಕಾನ್ ಝಡ್50 IIನಲ್ಲೂ ಸೈಲೆಂಟ್ ಮೋಡ್ ಇದೆ, ಹಕ್ಕಿಯನ್ನು ಗುರುತಿಸುವ ಫೋಕಸ್ ಕೂಡ ಇದೆ. ಬಾಡಿ ಲಕ್ಷದೊಳಗೆ ಸಿಗುತ್ತದೆ. 20.9 ಮೆಗಾಪಿಕ್ಸೆಲ್, ನನ್ನದಕ್ಕಿಂತ ಸ್ವಲ್ಪ ಕಡಿಮೆಯೇ. ನನ್ನ 200-500ರಲ್ಲಿ ಒಳಗೇ ಮೋಟಾರ್ ಇರುವುದರಿಂದ ಅಡಾಪ್ಟರ್ ಹಾಕಿದರೆ ಆಟೋಫೋಕಸ್ ಸಮೇತ ನಡೆಯುತ್ತದೆ. ಅದರಿಂದ ಏನು ಆಗುವುದಿಲ್ಲ ಎಂದೂ ನೋಡಿಕೊಂಡಿದ್ದೇನೆ. ಅದರ ಸೆನ್ಸರ್ ಚಿತ್ರವನ್ನು ಓದುವುದು ನಿಧಾನ. ಸೈಲೆಂಟ್ ಮೋಡ್‌ನಲ್ಲಿ ಹಾರುವ ಹಕ್ಕಿ ತೆಗೆದರೆ ರೆಕ್ಕೆ ಓರೆಯಾಗಿ, ಬಾಗಿದ ಹಾಗೆ ಬರಬಹುದು. ನೆಲದ ಮೇಲೆ ಎಲೆ ಕೆದಕುವ ಹಕ್ಕಿಗೆ ಆ ಚಿಂತೆ ಬಹಳ ಇಲ್ಲ. ಹಾರುವುದಕ್ಕೆ ಮೆಕ್ಯಾನಿಕಲ್ ಶಟರ್ ಇದ್ದೇ ಇದೆ. ಈ ಸಲ ನವರಂಗ ಬರುವ ಮುಂಚೆ ತೆಗೆದುಕೊಳ್ಳಬೇಕೆಂದಿದ್ದೇನೆ.

ಡಿ7200 ತಂಗಿಯ ಮಗಳಿಗೆ. ಮಾರಿದರೆ ಈಗ ದುಡ್ಡೂ ಜಾಸ್ತಿ ಬರುವುದಿಲ್ಲ. ಎಲ್ಲರೂ ಮಿರರ್‌ಲೆಸ್‌ಗೆ ಹೋಗುತ್ತಿರುವುದರಿಂದ ಸೆಕೆಂಡ್ ಹ್ಯಾಂಡ್ ಡಿಎಸ್‌ಎಲ್‌ಆರ್‌ಗಳ (ಒಳಗೆ ಕನ್ನಡಿ ಇರುವ ಕ್ಯಾಮೆರಾಗಳ) ಬೆಲೆ ಬಿದ್ದಿದೆ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಕಾಲ ಇಲ್ಲ. ಆದರೆ ಅವಳಿಗೆ ಹಕ್ಕಿಯ ಹುಚ್ಚಿಲ್ಲ. "ಮಾಮ, ನಂಗೆ ಇರುವೆ ತೆಗೀಬೇಕು, ಮುಖ ಕಾಣೋ ಹಾಗೆ" ಎಂದಿದ್ದಾಳೆ. ಕೇಳಿದಾಗ ಬಹಳ ಖುಷಿಯಾಯಿತು. ಏನು ಬೇಕು ಎಂದು ಅವಳಿಗೆ ಆಗಲೇ ಗೊತ್ತಿದೆ. 200-500 ಎರಡು ಮೀಟರಿಗಿಂತ ಹತ್ತಿರ ಫೋಕಸ್ ಮಾಡುವುದಿಲ್ಲ, ಇರುವೆಗೆ ಅದು ಆಗದು. ನನ್ನ ಹತ್ತಿರ ಒಂದು 50 ಎಂಎಂ ಲೆನ್ಸ್ ಇದೆ. ಹತ್ತಿರದಿಂದ ಫೋಕಸ್ ಆಗಲಿ ಎಂದು ಅದರ ಹಿಂದೆ ಹಾಕುವ ಟೊಳ್ಳು ಉಂಗುರ, ಅಂದರೆ ಎಕ್ಸ್‌ಟೆನ್ಶನ್ ಟ್ಯೂಬ್ ಹುಡುಕುತ್ತಿದ್ದೇನೆ. ಅಗ್ಗದ್ದು ಹಾಕಿದರೆ ಆಟೋಫೋಕಸ್ ಹೋಗುತ್ತದೆ, ಅಪರ್ಚರನ್ನೂ (ಬೆಳಕು ಒಳಬರುವ ಕಂಡಿಯ ಅಳತೆ) ಕ್ಯಾಮೆರಾದಿಂದ ಬದಲಿಸಲು ಬರುವುದಿಲ್ಲ. ಲೋಹದ ಸಂಪರ್ಕ ಇರುವ, ಮೂರು ಉಂಗುರದ ಸೆಟ್ ಸಿಕ್ಕರೆ ಒಳ್ಳೆಯದು. ದಸರಾ ರಜೆಗೆ ಅವಳು ಊರಿಗೆ ಬರುತ್ತಾಳೆ, ಅಷ್ಟರೊಳಗೆ ತರಿಸಬೇಕು.